ಉಲುರು: ಕೆಂಪು ಮರುಭೂಮಿಯ ಡೇರೆವಾಸ ಮತ್ತು ಅನಂಗು ಜನರ ಆತಿಥ್ಯ

ಆಸ್ಟ್ರೇಲಿಯಾ ಖಂಡದ ನಡುಭಾಗದಲ್ಲಿ, ಕರಾವಳಿಯ ಮಹಾನಗರಗಳಿಂದ ಸಾವಿರ ಕಿ.ಮೀ.ಗೂ ಹೆಚ್ಚು ಒಳನಾಡಿನಲ್ಲಿ, ಕೆಂಪು ಮರಳಿನ ಬಯಲಿನಿಂದ ಮೇಲೆದ್ದು ನಿಂತಿರುವ ಬೃಹತ್ ಬಂಡೆಯೇ ಉಲುರು. ಸೂರ್ಯೋದಯ, ಸೂರ್ಯಾಸ್ತಗಳ ವೇಳೆ ಬಣ್ಣ ಬದಲಿಸುವ ಈ ಶಿಲೆಯನ್ನು ಡೇರೆಯ ಹಾಸಿಗೆಯ ಮೇಲಿನಿಂದಲೇ ನೋಡುವ ಸುಖಕ್ಕಾಗಿ ಒಂದು ರಾತ್ರಿಗೆ ಸಾವಿರಾರು ಡಾಲರ್ ತೆರುವ ಪ್ರವಾಸಿಗರಿದ್ದಾರೆ. ಈ ನೆಲಕ್ಕೆ ಒಡೆಯರೂ ಇದ್ದಾರೆ. ಅವರು ಅನಂಗು ಎಂಬ ಮೂಲನಿವಾಸಿ ಜನ. ನೋಟವನ್ನು ಹಣ ಕೊಟ್ಟು ಪಡೆಯಬಹುದು. ಆದರೆ ಈ ನೆಲದ ಕಥೆ, ಹಾಡು, ಕಟ್ಟಳೆಗಳಲ್ಲಿ ಯಾವುದನ್ನು, ಯಾರಿಗೆ, ಎಷ್ಟರಮಟ್ಟಿಗೆ ಹೇಳಬೇಕೆಂಬುದನ್ನು ನಿರ್ಧರಿಸುವವರು ಅವರೇ. ಇಲ್ಲಿಗೆ ಹೊರಡುವವರು ಮೊದಲು ತಿಳಿದಿರಬೇಕಾದ ಸಂಗತಿಯಿದು.

ಶಿಲೆಯ ಸ್ವರೂಪ

ಉಲುರು ಸುತ್ತಲಿನ ಬಯಲಿನಿಂದ 348 ಮೀಟರ್ ಹಾಗೂ ಸಮುದ್ರಮಟ್ಟದಿಂದ 863 ಮೀಟರ್ ಎತ್ತರವಿದೆ. ಬುಡದ ಸುತ್ತಳತೆ 9 ಕಿ.ಮೀ.ಗಿಂತ ಹೆಚ್ಚು. ಸುಮಾರು 55 ಕೋಟಿ ವರ್ಷಗಳ ಹಿಂದೆ ಪರ್ವತಗಳಿಂದ ಕೊಚ್ಚಿಬಂದ ಮರಳು ಪದರಪದರವಾಗಿ ಶೇಖರಗೊಂಡು ಕಲ್ಲಾಯಿತು. ಬಳಿಕ ಭೂಮಿಯ ಒಳಗಿನ ಒತ್ತಡಕ್ಕೆ ಆ ಪದರಗಳು ಬಹುಮಟ್ಟಿಗೆ ನೆಟ್ಟಗೆ ನಿಲ್ಲುವಂತೆ ಮಗುಚಿದವು. ಇಂದು ಕಣ್ಣಿಗೆ ಬೀಳುವುದು ಅದರ ತುದಿ ಮಾತ್ರ. ಶಿಲೆಯ ಮೂಲ ಬಣ್ಣ ಬೂದು. ಅದರಲ್ಲಿರುವ ಕಬ್ಬಿಣದ ಅಂಶ ಗಾಳಿ, ನೀರಿನ ಸಂಪರ್ಕದಿಂದ ತುಕ್ಕು ಹಿಡಿದುದರಿಂದ ಹೊರಮೈ ಕೆಂಪಾಗಿದೆ.

ಇದರ ಪಶ್ಚಿಮಕ್ಕಿರುವ ಕಾಟಾ ಜುಟಾ 36 ಗುಮ್ಮಟಾಕಾರದ ಶಿಲೆಗಳ ಸಮೂಹ. ಸ್ಥಳೀಯ ಭಾಷೆಯಲ್ಲಿ ಈ ಹೆಸರಿಗೆ ‘ಹಲವು ತಲೆಗಳು’ ಎಂದರ್ಥ. ಅತ್ಯಂತ ಎತ್ತರದ ಗುಮ್ಮಟವು ಬಯಲಿನಿಂದ 546 ಮೀಟರ್ ಮೇಲಕ್ಕೆದ್ದು, ಉಲುರುವನ್ನೂ ಮೀರಿಸಿದೆ. ಇವೆರಡನ್ನೂ ಒಳಗೊಂಡ ರಾಷ್ಟ್ರೀಯ ಉದ್ಯಾನವನ್ನು ಯುನೆಸ್ಕೊ 1987ರಲ್ಲಿ ನೈಸರ್ಗಿಕ ಮಹತ್ವಕ್ಕಾಗಿ, 1994ರಲ್ಲಿ ಸಾಂಸ್ಕೃತಿಕ ಮಹತ್ವಕ್ಕಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೆಸರು ಮತ್ತು ಒಡೆತನ

1873ರಲ್ಲಿ ಇಲ್ಲಿಗೆ ಬಂದ ಭೂಮಾಪಕ ವಿಲಿಯಂ ಗಾಸ್, ಆಗಿನ ದಕ್ಷಿಣ ಆಸ್ಟ್ರೇಲಿಯಾದ ಮುಖ್ಯ ಕಾರ್ಯದರ್ಶಿ ಸರ್ ಹೆನ್ರಿ ಏಯರ್ಸ್ ಅವರ ಗೌರವಾರ್ಥ ಈ ಬಂಡೆಯನ್ನು ‘ಏಯರ್ಸ್ ರಾಕ್’ ಎಂದು ಕರೆದನು. ಗಾಸ್‌ನೊಡನೆ ಶಿಖರವನ್ನೇರಿದವನು ಕಮ್ರಾನ್ ಎಂಬ ಒಂಟೆ ಪಾಲಕ. ರೈಲು ಮತ್ತು ಮೋಟಾರುಗಳಿಗೆ ಮುನ್ನ ಈ ಮರುಭೂಮಿಯಲ್ಲಿ ಸರಕು ಸಾಗಿಸಿದ್ದು ಒಂಟೆಗಳೇ. ಅವುಗಳೊಡನೆ ಬಂದ ಪಾಲಕರು ಅಫ್ಘಾನಿಸ್ತಾನವಲ್ಲದೆ ಬಲೂಚಿಸ್ತಾನ, ಪಂಜಾಬ್, ಸಿಂಧ್ ಮೊದಲಾದ ಅಂದಿನ ಭಾರತದ ಪ್ರಾಂತ್ಯಗಳಿಗೂ ಸೇರಿದವರು. ಎಲ್ಲರನ್ನೂ ಒಟ್ಟಾಗಿ ‘ಅಫ್ಘಾನರು’ ಎಂದೇ ಕರೆಯಲಾಯಿತು. ಇಂದು ಉಲುರು ಬಳಿ ಪ್ರವಾಸಿಗರು ಕೈಗೊಳ್ಳುವ ಒಂಟೆ ಸವಾರಿಯ ಹಿಂದೆ ಈ ಮರೆತ ಚರಿತ್ರೆಯಿದೆ.

ಮಧ್ಯ ಆಸ್ಟ್ರೇಲಿಯಾದಲ್ಲಿ 30 ಸಾವಿರ ವರ್ಷಗಳಿಗೂ ಹಿಂದಿನ ಮಾನವ ವಾಸದ ಕುರುಹುಗಳು ದೊರೆತಿವೆ. ಹೀಗಿದ್ದರೂ ಮೂಲನಿವಾಸಿಗಳಿಗೆಂದು ಮೀಸಲಿರಿಸಿದ್ದ ಪ್ರದೇಶದಿಂದ 1958ರಲ್ಲಿ ಉಲುರು ಮತ್ತು ಕಾಟಾ ಜುಟಾಗಳನ್ನು ಬೇರ್ಪಡಿಸಿ, ಪ್ರವಾಸೋದ್ಯಮಕ್ಕಾಗಿ ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಲಾಯಿತು. ಬಂಡೆಯ ಬುಡದಲ್ಲೇ ಮೋಟೆಲ್‌ಗಳೂ ವಿಮಾನ ಇಳಿದಾಣವೂ ತಲೆಯೆತ್ತಿದವು. ತಮ್ಮದೇ ಪವಿತ್ರ ಸ್ಥಳದಲ್ಲಿ ಅನಂಗು ಜನರು ಬೇಡವಾದವರಾದರು.

ದೀರ್ಘಕಾಲದ ಹೋರಾಟದ ಫಲವಾಗಿ 1985ರ ಅಕ್ಟೋಬರ್ 26ರಂದು ಗವರ್ನರ್ ಜನರಲ್ ಸರ್ ನಿನಿಯನ್ ಸ್ಟೀಫನ್ ಅವರು ಭೂಮಿಯ ಹಕ್ಕುಪತ್ರವನ್ನು ಅನಂಗು ಜನರಿಗೆ ಒಪ್ಪಿಸಿದರು. ಅನಂಗು ಜನರು ಅದೇ ಸಂದರ್ಭದಲ್ಲಿ ಅದನ್ನು 99 ವರ್ಷಗಳ ಗುತ್ತಿಗೆಗೆ ಸರ್ಕಾರದ ಉದ್ಯಾನ ಇಲಾಖೆಗೆ ನೀಡಿದರು. ಉದ್ಯಾನದ ಆಡಳಿತ ಮಂಡಳಿಯ 12 ಸ್ಥಾನಗಳಲ್ಲಿ 8 ಅನಂಗು ಪ್ರತಿನಿಧಿಗಳಿಗೆ ಮೀಸಲು. ಪ್ರವೇಶ ಶುಲ್ಕದಲ್ಲಿ ಶೇ.25ರಷ್ಟು ಅವರಿಗೆ ಸಲ್ಲುತ್ತದೆ. 1993ರಲ್ಲಿ ಬಂಡೆಗೆ ಅಧಿಕೃತವಾಗಿ ಎರಡೂ ಹೆಸರುಗಳು ಬಂದವು. 2002ರಿಂದ ‘ಉಲುರು’ ಎಂಬುದೇ ಮೊದಲ ಹೆಸರಾಗಿದೆ.

ಜುಕುರ್ಪ ಎಂಬ ಕಟ್ಟಳೆ

ಅನಂಗು ಜೀವನದ ಅಡಿಪಾಯಕ್ಕೆ ‘ಜುಕುರ್ಪ’ ಎಂದು ಹೆಸರು. ಪೂರ್ವಜ ಜೀವಿಗಳು ಈ ನೆಲವನ್ನು ರೂಪಿಸಿದ ಕಥೆ, ಬದುಕಿನ ನಿಯಮ, ನಂಟಿನ ಕ್ರಮ, ನೀರು ಮತ್ತು ಆಹಾರದ ಜ್ಞಾನ ಇವೆಲ್ಲವೂ ಅದರಲ್ಲಿ ಅಡಕವಾಗಿವೆ. ಇದು ಪುಸ್ತಕದಲ್ಲಿ ಬರೆದಿಟ್ಟುದಲ್ಲ. ಹಾಡು, ಕುಣಿತ, ಚಿತ್ರ ಮತ್ತು ಬಂಡೆಯ ಮೈಮೇಲಿನ ಗುರುತುಗಳ ಮೂಲಕ ತಲೆಮಾರಿನಿಂದ ತಲೆಮಾರಿಗೆ ಸಾಗಿಬಂದಿದೆ.

ಹೊರಗಿನವರಿಗೆ ಹೇಳಬಹುದಾದ ಕಥೆಗಳಲ್ಲಿ ಕುನಿಯ ಎಂಬ ಹೆಬ್ಬಾವಿನ ಕಥೆ ಪ್ರಸಿದ್ಧ. ತನ್ನ ಸೋದರಳಿಯನನ್ನು ಈಟಿಯಿಂದ ಇರಿದ ಲಿರು ಎಂಬ ವಿಷಸರ್ಪ ಯೋಧನನ್ನು ಆಕೆ ಮುಟಿಜುಲು ನೀರಗುಂಡಿಯ ಬಳಿ ಎದುರಿಸಿ ಹೊಡೆದಳು. ಆ ಏಟುಗಳ ಗುರುತುಗಳನ್ನು ಬಂಡೆಯ ಸೀಳುಗಳಲ್ಲಿ ಮಾರ್ಗದರ್ಶಕರು ತೋರಿಸುತ್ತಾರೆ. ಮಕ್ಕಳಿಗೂ ಪ್ರವಾಸಿಗರಿಗೂ ಹೇಳುವುದು ಕಥೆಯ ಮೊದಲ ಪದರವನ್ನು ಮಾತ್ರ. ಮುಂದಿನದು ವಯಸ್ಸು, ದೀಕ್ಷೆ, ಹೊಣೆಗಳಿಗೆ ತಕ್ಕಂತೆ ದೊರೆಯುವಂಥದು. ಪುರುಷರಿಗೆ ಮಾತ್ರ, ಸ್ತ್ರೀಯರಿಗೆ ಮಾತ್ರ ಎಂದು ಮೀಸಲಾದ ಸ್ಥಳಗಳೂ ಇವೆ. ಅಂತಹ ಭಾಗಗಳ ಛಾಯಾಚಿತ್ರ ತೆಗೆಯಬಾರದೆಂದು ಹಾದಿಯಲ್ಲಿ ಫಲಕಗಳನ್ನು ನಿಲ್ಲಿಸಲಾಗಿದೆ.

ಐಷಾರಾಮಿ ಡೇರೆಗಳು

ಉದ್ಯಾನದ ಒಳಗೆ ರಾತ್ರಿ ತಂಗಲು ಅವಕಾಶವಿಲ್ಲ. ಬಂಡೆಯ ಬುಡದ ಮೋಟೆಲ್‌ಗಳನ್ನು ತೆರವುಗೊಳಿಸುವ ಉದ್ದೇಶದಿಂದ, ಉದ್ಯಾನದ ಗಡಿಯಾಚೆ ಯುಲಾರ ಎಂಬ ಪ್ರವಾಸಿ ಪಟ್ಟಣವನ್ನು 1984ರಲ್ಲಿ ತೆರೆಯಲಾಯಿತು. ಸಾಮಾನ್ಯ ಶಿಬಿರ ತಾಣದಿಂದ ಹಿಡಿದು ದುಬಾರಿ ಹೋಟೆಲ್‌ಗಳವರೆಗಿನ ವಸತಿ ಇಲ್ಲಿ ದೊರೆಯುತ್ತದೆ. 2011ರಲ್ಲಿ ಈ ರೆಸಾರ್ಟನ್ನು ಮೂಲನಿವಾಸಿ ಭೂ ನಿಗಮವು ಖರೀದಿಸಿ, ಮೂಲನಿವಾಸಿ ಯುವಜನರಿಗೆ ಆತಿಥ್ಯೋದ್ಯಮದ ತರಬೇತಿಯನ್ನೂ ಆರಂಭಿಸಿತು.

ಡೇರೆವಾಸದ ಪೈಕಿ ಹೆಸರುವಾಸಿಯಾದುದು ‘ಲಾಂಗಿಟ್ಯೂಡ್ 131’. ಪೂರ್ವ ರೇಖಾಂಶದ ಹೆಸರು ಹೊತ್ತ ಈ ಶಿಬಿರ 2002ರಲ್ಲಿ ಆರಂಭವಾಯಿತು. ಮರಳುದಿಬ್ಬದ ಮೇಲೆ ಸಾಲಾಗಿ ನಿಂತಿರುವ ಅದರ ಬಿಳಿ ಚಾವಣಿಯ ಡೇರೆಗಳು ಉಲುರುವಿಗೆ ಮುಖಮಾಡಿವೆ. ಗಾಜಿನ ಗೋಡೆ, ಹವಾನಿಯಂತ್ರಣ, ಸ್ನಾನಗೃಹ ಎಲ್ಲವೂ ಇರುವುದರಿಂದ ಡೇರೆಯೆಂಬುದು ಇಲ್ಲಿ ಹೆಸರಿಗಷ್ಟೇ. ಬಯಸಿದವರಿಗೆ ಜಗುಲಿಯಲ್ಲಿ ‘ಸ್ವ್ಯಾಗ್’ ಹಾಸಿಕೊಡುತ್ತಾರೆ. ದಪ್ಪ ಕ್ಯಾನ್ವಾಸಿನ ಈ ಹಾಸಿಗೆ ಸುರುಳಿಯು ಹಿಂದೆ ಕೂಲಿ ಅರಸಿ ಅಲೆಯುತ್ತಿದ್ದವರ ಸೊತ್ತಾಗಿತ್ತು. ಈಗ ನಕ್ಷತ್ರಗಳ ಕೆಳಗೆ ಮಲಗುವ ಸಿರಿವಂತರ ಸೊಗಸು.

2003ರ ಕಾಡ್ಗಿಚ್ಚು ಈ ಶಿಬಿರಕ್ಕೆ ಭಾರೀ ಹಾನಿಯುಂಟುಮಾಡಿತು. ಅದನ್ನು ಮತ್ತೆ ಕಟ್ಟಬೇಕಾಯಿತು. ಇಲ್ಲಿನ ಸ್ಪಿನಿಫೆಕ್ಸ್ ಎಂಬ ಮುಳ್ಳುಹುಲ್ಲು ರಾಳದಿಂದ ಕೂಡಿದ್ದು ಬೇಗನೆ ಹೊತ್ತಿಕೊಳ್ಳುತ್ತದೆ. ಚಳಿಗಾಲದಲ್ಲಿ ಅಲ್ಲಲ್ಲಿ ಸಣ್ಣ ಬೆಂಕಿ ಹಚ್ಚಿ, ದೊಡ್ಡ ಬೆಂಕಿ ಹಬ್ಬದಂತೆ ತಡೆಯುವುದು ಅನಂಗು ಜನರ ಹಳೆಯ ಪದ್ಧತಿ. ಅವರನ್ನು ನೆಲದಿಂದ ದೂರವಿಟ್ಟ ಕಾಲದಲ್ಲಿ ಅದು ನಿಂತುಹೋಗಿತ್ತು. 1976ರಲ್ಲಿ ಉದ್ಯಾನದ ಬಹುಭಾಗ ಸುಟ್ಟುಹೋದ ನಂತರವೇ ಅಧಿಕಾರಿಗಳು ಈ ವಿದ್ಯೆಯ ಬೆಲೆಯನ್ನು ಅರಿತು ಮತ್ತೆ ಬಳಕೆಗೆ ತಂದರು.

ಅನಂಗು ಸಂಸ್ಕೃತಿಯ ಪರಿಚಯ

ಭೇಟಿಯನ್ನು 1995ರಲ್ಲಿ ತೆರೆದ ಸಾಂಸ್ಕೃತಿಕ ಕೇಂದ್ರದಿಂದ ಆರಂಭಿಸುವುದು ಒಳಿತು. ಉದ್ಯಾನದ ವನಪಾಲಕರು ಉಚಿತವಾಗಿ ನಡೆಸುವ ‘ಮಾಲ ನಡಿಗೆ’ಯಲ್ಲಿ ಗುಹಾಚಿತ್ರಗಳನ್ನೂ, ಮಾಲ ಎಂಬ ಪುಟ್ಟ ವಾಲಬಿಯ ರೂಪದ ಪೂರ್ವಜರ ಕಥೆಯನ್ನೂ ಪರಿಚಯಿಸಲಾಗುತ್ತದೆ. ಕಲಾವಿದರೇ ಒಡೆಯರಾಗಿರುವ ಮರುಕು ಆರ್ಟ್ಸ್ ಸಂಸ್ಥೆಯು ಚುಕ್ಕಿ ಚಿತ್ರಕಲೆಯ ತರಗತಿ ನಡೆಸುತ್ತದೆ. ಅಲ್ಲಿ ಚಿತ್ರಕಾರ್ತಿಯು ತನ್ನ ಭಾಷೆಯಲ್ಲಿಯೇ ಮಾತನಾಡುತ್ತಾಳೆ. ದುಭಾಷಿ ಅದನ್ನು ಇಂಗ್ಲಿಷಿಗೆ ತಿಳಿಸುತ್ತಾರೆ. ಒಂದೇ ವೃತ್ತವು ನೀರಗುಂಡಿಯೂ ಆಗಬಹುದು, ಶಿಬಿರವೂ ಆಗಬಹುದು. ಇಂಗ್ಲಿಷಿನ ‘ಯು’ ಅಕ್ಷರದಂತಹ ಗುರುತು ಕುಳಿತ ವ್ಯಕ್ತಿ.

ಕ್ವಾಂಡಾಂಗ್ ಹಣ್ಣು, ಕಾಡು ಟೊಮೆಟೊ, ಮಲೆನಾಡಿನ ನೆಡುತೋಪುಗಳಲ್ಲಿ ಕಾಣುವ ಅಕೇಶಿಯಾದ ಬಳಗಕ್ಕೆ ಸೇರಿದ ವ್ಯಾಟಲ್ ಗಿಡದ ಬೀಜ ಮೊದಲಾದ ಮರುಭೂಮಿಯ ಆಹಾರಗಳನ್ನು ಇಲ್ಲಿ ಸವಿಯಬಹುದು. 2016ರಲ್ಲಿ ಕಲಾವಿದ ಬ್ರೂಸ್ ಮನ್ರೊ ನಿರ್ಮಿಸಿದ 50 ಸಾವಿರ ದೀಪಗಳ ಬಯಲು, 2023ರಲ್ಲಿ ಅನಂಗು ಹಿರಿಯರ ಸಮ್ಮತಿಯೊಂದಿಗೆ ಆರಂಭವಾದ ಡ್ರೋನ್ ಪ್ರದರ್ಶನ ರಾತ್ರಿಯ ಆಕರ್ಷಣೆಗಳು. ಸಾವಿರಕ್ಕೂ ಹೆಚ್ಚು ಡ್ರೋನ್‌ಗಳು ಮಾಲ ಕಥೆಯ ಒಂದು ಭಾಗವನ್ನು ಆಕಾಶದಲ್ಲಿ ಬರೆಯುತ್ತವೆ.

ನಿಂತುಹೋದ ಆರೋಹಣ

ಬಂಡೆಯ ಏರುಹಾದಿಯು ಮಾಲ ಪೂರ್ವಜರು ನಡೆದ ಪವಿತ್ರ ದಾರಿ. ಅದನ್ನು ಹತ್ತಬೇಡಿರೆಂದು ಅನಂಗು ಜನರು ದಶಕಗಳ ಕಾಲ ಫಲಕ ಹಾಕಿ ವಿನಂತಿಸಿದರು. 1950ರ ದಶಕದಿಂದ ಕನಿಷ್ಠ 37 ಮಂದಿ ಅಲ್ಲಿ ಸಾವಿಗೀಡಾದರು. ತಮ್ಮ ನೆಲಕ್ಕೆ ಬಂದ ಅತಿಥಿಯ ರಕ್ಷಣೆ ತಮ್ಮ ಹೊಣೆಯೆಂದು ಭಾವಿಸುವ ಆ ಜನರಿಗೆ ಪ್ರತಿ ಸಾವೂ ಮನೆಯ ಶೋಕವೇ ಆಗಿತ್ತು. ಹತ್ತುವವರ ಪ್ರಮಾಣ ಶೇ.20ಕ್ಕಿಂತ ಕೆಳಗಿಳಿದುದನ್ನು ಪರಿಗಣಿಸಿ ಆಡಳಿತ ಮಂಡಳಿಯು 2017ರಲ್ಲಿ ಸರ್ವಾನುಮತದ ನಿರ್ಣಯ ಕೈಗೊಂಡಿತು. ಭೂಮಿ ಮರಳಿ ದೊರೆತ 34 ವರ್ಷಗಳ ಬಳಿಕ, 2019ರ ಅಕ್ಟೋಬರ್ 26ರಿಂದ ಆರೋಹಣ ಶಾಶ್ವತವಾಗಿ ನಿಂತಿತು. ಕೊನೆಯ ದಿನಗಳಲ್ಲಿ ಹತ್ತಲು ಸಾಲುಗಟ್ಟಿ ನಿಂತವರ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಪ್ರಕಟಗೊಂಡವು.

ಬಂಡೆಯ ನೆರಳಿನಲ್ಲಿರುವ ಹಳ್ಳಿ

ಪ್ರವಾಸಿಗರ ಕಣ್ಣಿಗೆ ಬೀಳದ ಮುಟಿಜುಲು ಗ್ರಾಮವು ಉದ್ಯಾನದ ಒಳಗೇ ಇದೆ. ಅನುಮತಿಯಿಲ್ಲದೆ ಅಲ್ಲಿಗೆ ಪ್ರವೇಶವಿಲ್ಲ. 2007ರಲ್ಲಿ ಕೇಂದ್ರ ಸರ್ಕಾರವು ಉತ್ತರ ಪ್ರಾಂತ್ಯದ ಮೂಲನಿವಾಸಿ ಗ್ರಾಮಗಳಲ್ಲಿ ಸೇನೆಯ ನೆರವಿನಿಂದ ತುರ್ತು ಹಸ್ತಕ್ಷೇಪ ಆರಂಭಿಸಿದಾಗ ಮೊದಲು ಕಾಲಿಟ್ಟದ್ದು ಈ ಹಳ್ಳಿಗೇ. 2017ರ ಮೇ ತಿಂಗಳಲ್ಲಿ ದೇಶದ ಮೂಲನಿವಾಸಿ ಪ್ರತಿನಿಧಿಗಳು ಉಲುರು ಬಳಿ ಸೇರಿ, ಸಂವಿಧಾನದಲ್ಲಿ ತಮಗೊಂದು ದನಿ ಬೇಕೆಂಬ ಘೋಷಣೆ ಹೊರಡಿಸಿದರು. 2023ರ ಅಕ್ಟೋಬರ್ 14ರ ಜನಮತಗಣನೆಯಲ್ಲಿ ಆ ಬೇಡಿಕೆ ತಿರಸ್ಕೃತವಾಯಿತು. ಐಷಾರಾಮಿ ಡೇರೆಗೂ ಈ ಹಳ್ಳಿಗೂ ನಡುವಿನ ಅಂತರ ಕಿ.ಮೀ. ಲೆಕ್ಕದಲ್ಲಿ ಬಲು ಕಡಿಮೆ. ಬದುಕಿನ ಲೆಕ್ಕದಲ್ಲಿ ಬಹಳ ದೊಡ್ಡದು.

ಪ್ರವಾಸಿಗರ ಗಮನಕ್ಕೆ

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗಿನ ಅವಧಿ ಪ್ರವಾಸಕ್ಕೆ ಪ್ರಶಸ್ತ. ಚಳಿಗಾಲದ ರಾತ್ರಿಗಳಲ್ಲಿ ಉಷ್ಣಾಂಶ ಶೂನ್ಯಕ್ಕಿಂತ ಕೆಳಗಿಳಿಯುವುದುಂಟು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. 36 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿನ ತಾಪದ ಮುನ್ಸೂಚನೆಯಿದ್ದಲ್ಲಿ ಕಾಟಾ ಜುಟಾದ ‘ಗಾಳಿಗಳ ಕಣಿವೆ’ಯ ಹಾದಿಯ ಹೆಚ್ಚಿನ ಭಾಗವನ್ನು ಬೆಳಗಿನ 11 ಗಂಟೆಗೆ ಮುಚ್ಚಲಾಗುತ್ತದೆ. ಉಲುರುವಿನ ಸುತ್ತಲಿನ ಸುಮಾರು 10 ಕಿ.ಮೀ. ನಡಿಗೆಯನ್ನು ಮುಂಜಾನೆಯೇ ಪೂರೈಸಬೇಕು. ನೀರು, ಅಗಲ ಅಂಚಿನ ಟೋಪಿ, ನೊಣಗಳಿಂದ ರಕ್ಷಿಸುವ ಮುಖದ ಬಲೆ ಜೊತೆಗಿರಲಿ. ಸಿಡ್ನಿ, ಮೆಲ್ಬರ್ನ್‌ಗಳಿಂದ ಯುಲಾರ ಸಮೀಪದ ಏಯರ್ಸ್ ರಾಕ್ ವಿಮಾನ ನಿಲ್ದಾಣಕ್ಕೆ ನೇರ ವಿಮಾನಗಳಿವೆ. ಆಲಿಸ್ ಸ್ಪ್ರಿಂಗ್ಸ್‌ನಿಂದ ರಸ್ತೆಯ ಮೂಲಕ ಸುಮಾರು 450 ಕಿ.ಮೀ.

ಇಲ್ಲಿಂದ ಕಲ್ಲು, ಮರಳನ್ನು ಒಯ್ಯುವುದು ನಿಷಿದ್ಧ. ಹಿಂದೆ ನೆನಪಿಗೆಂದು ಒಯ್ದ ಕಲ್ಲುಗಳನ್ನು ದೇಶವಿದೇಶಗಳ ಪ್ರವಾಸಿಗರು ಕ್ಷಮಾಪಣೆಯ ಪತ್ರದೊಂದಿಗೆ ಅಂಚೆಯಲ್ಲಿ ಹಿಂದಿರುಗಿಸಿದ್ದಾರೆ. ಅಂತಹ ಪತ್ರಗಳನ್ನು ‘ಕ್ಷಮೆಯ ಪುಸ್ತಕ’ ಎಂಬ ಹೆಸರಿನಲ್ಲಿ ಸಂಗ್ರಹಿಸಿ ಇಡಲಾಗಿದೆ.