ಮುಚ್ಚಳದ ಚರಿತ್ರೆ: ಮುಂಬಯಿಯ ಶ್ರವಣಸಾಧನಗಳಲ್ಲಿ ಬ್ಯಾಟರಿ ಗೂಡು ಮತ್ತು ಅದರ ಭದ್ರತೆ

ಶ್ರವಣಸಾಧನದ ಇತಿಹಾಸವನ್ನು ಕಾರ್ಬನ್ ಯುಗ, ನಿರ್ವಾತ ನಳಿಕೆಯ ಯುಗ, ಟ್ರಾನ್ಸಿಸ್ಟರ್ ಯುಗ, ಡಿಜಿಟಲ್ ಯುಗ ಎಂದು ನಾಲ್ಕಾಗಿ ಹಂಚುವುದು ರೂಢಿ. ಸದ್ದನ್ನು ಹಿಗ್ಗಿಸುವ ವಿದ್ಯೆ ಹೇಗೆ ಬೆಳೆಯಿತು ಎಂಬುದು ಇದರಿಂದ ತಿಳಿಯುತ್ತದೆ. ಸೆಲ್ ಎಲ್ಲಿ ಕೂರುತ್ತಿತ್ತು, ಅದರ ಮೇಲಿನ ಮುಚ್ಚಳವನ್ನು ಯಾರ ಬೆರಳು ತೆಗೆಯಬೇಕಿತ್ತು, ಯಾರ ಬೆರಳಿಗೆ ಅದು ಬಗ್ಗಬಾರದಿತ್ತು ಎಂಬುದು ತಿಳಿಯುವುದಿಲ್ಲ. ಸಾಧನ ಧರಿಸುವವರ ಕೈ ದಿನವೂ ಹೋಗುವುದು ಮಾತ್ರ ಈ ಮುಚ್ಚಳದ ಕಡೆಗೇ. ಅದು ಸಡಿಲವಾದರೆ ಒಳಗಿನ ಚಿಪ್ ಎಷ್ಟೇ ಉತ್ತಮವಾಗಿದ್ದರೂ ಕಿವಿಗೆ ಏನೂ ಕೇಳುವುದಿಲ್ಲ. ಮುಂಬಯಿಯನ್ನು ಕೇಂದ್ರದಲ್ಲಿಟ್ಟುಕೊಂಡು ಈ ಮುಚ್ಚಳದ ಚರಿತ್ರೆಯನ್ನು ಕಟ್ಟಿಕೊಡುವುದು ಈ ಲೇಖನದ ಉದ್ದೇಶ.

ಈ ವಿಷಯಕ್ಕೆ ಮುಂಬಯಿಗಿಂತ ತಕ್ಕ ಊರು ಭಾರತದಲ್ಲಿ ಕಡಿಮೆ. ಕಿವುಡ ಮಕ್ಕಳ ಶಾಲೆ ಇಲ್ಲಿ 1880ರ ದಶಕದಲ್ಲೇ ಆರಂಭವಾಯಿತು. ನಾಯರ್ ಆಸ್ಪತ್ರೆಗೆ ಸೇರಿದ ಟೋಪಿವಾಲಾ ವೈದ್ಯಕೀಯ ಕಾಲೇಜು 1960ರ ದಶಕದಲ್ಲಿ ವಾಕ್ ಮತ್ತು ಶ್ರವಣ ತಜ್ಞರಿಗೆ ತರಬೇತಿ ಕೊಡತೊಡಗಿತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕಣ್ಣು ತೆರೆದದ್ದೂ ಅದೇ ದಶಕದಲ್ಲಿ, 1966ರಲ್ಲಿ. ಬೆರೋಜ್ ವಾಚಾ ಅವರು 1977ರಲ್ಲಿ ಮುಂಬಯಿಯಲ್ಲಿ ಕಿವುಡ ಹಾಗೂ ಕಿವುಡು-ಕುರುಡು ಮಕ್ಕಳಿಗಾಗಿ ಹೆಲೆನ್ ಕೆಲ್ಲರ್ ಸಂಸ್ಥೆಯನ್ನು ಕಟ್ಟಿದರು. 1983ರ ಆಗಸ್ಟ್ 9ರಂದು ಬಾಂದ್ರಾ ರೆಕ್ಲಮೇಶನ್ನಿನಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಶ್ರವಣ ವಿಕಲರ ಸಂಸ್ಥೆ ಸ್ಥಾಪನೆಯಾಯಿತು. ಆರ್ಫಿ, ಎಲ್ಕಾನ್ ಎಂಬ ಶ್ರವಣಮಾಪಕ ತಯಾರಕರು ಈ ಊರಿನವರು. ಟಾರ್ಚು, ರೇಡಿಯೊಗಳಿಗೆ ಒಣ ಸೆಲ್ ತಯಾರಿಸುತ್ತಿದ್ದ ಎಸ್ಟ್ರೆಲಾ ಕಾರ್ಖಾನೆ ಇದ್ದದ್ದು ಧಾರಾವಿಯಲ್ಲಿ. ಇವೆಲ್ಲದರ ಮೇಲೆ ವರ್ಷಕ್ಕೆ ನಾಲ್ಕು ತಿಂಗಳು ಸುರಿಯುವ ಮಳೆ, ಹನ್ನೆರಡು ತಿಂಗಳೂ ಬೀಸುವ ಉಪ್ಪುಗಾಳಿ.

ಮೊದಲು ಹೊರಗಿನ ಹಿನ್ನೆಲೆಯನ್ನು ಚುರುಕಾಗಿ ನೋಡಿಬಿಡೋಣ. ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ 20ನೇ ಶತಮಾನದ ಆರಂಭದಲ್ಲಿ ಮಾರಿದ ಅಕೌಸ್ಟಿಕಾನ್ ಸಾಧನದಲ್ಲಿ ಬ್ಯಾಟರಿ ಬೇರೆಯೇ ಒಂದು ಹೊರೆಯಾಗಿತ್ತು. ಲಂಡನ್ನಿನಲ್ಲಿ ಎಡ್ವಿನ್ ಸ್ಟೀವನ್ಸ್ 1930ರ ದಶಕದಲ್ಲಿ ತಂದ ಆಂಪ್ಲಿವಾಕ್ಸ್ ಮೈಮೇಲೆ ಧರಿಸಬಹುದಾದ ನಿರ್ವಾತ ನಳಿಕೆಯ ಸಾಧನ. ತೂಕ ಒಂದು ಕಿಲೋಗಿಂತ ಹೆಚ್ಚು. ನಳಿಕೆಗಳಿಗೆ ಎರಡು ಬಗೆಯ ಬ್ಯಾಟರಿ ಬೇಕಿತ್ತು: ತಂತಿಯನ್ನು ಕಾಯಿಸಲು ಒಂದೂವರೆ ವೋಲ್ಟಿನದೊಂದು, ಫಲಕಕ್ಕೆ ಹತ್ತಾರು ವೋಲ್ಟಿನದೊಂದು. ಬ್ರಿಟನ್ನಿನ ಆರೋಗ್ಯ ಸೇವೆ 1948ರಿಂದ ಉಚಿತವಾಗಿ ಕೊಟ್ಟ ಮೆಡ್ರೆಸ್ಕೊ ಸಾಧನಕ್ಕೂ ಪ್ರತ್ಯೇಕ ಬ್ಯಾಟರಿ ಪೊಟ್ಟಣವಿತ್ತು. ಆಗ ಮುಚ್ಚಳಕ್ಕಿಂತ ತಂತಿಯೇ ದೊಡ್ಡ ತಲೆನೋವು. ಎರಡನೇ ಮಹಾಯುದ್ಧದ ಕಾಲದಲ್ಲಿ ಸ್ಯಾಮ್ಯುಯೆಲ್ ರೂಬೆನ್ ರೂಪಿಸಿದ ಪಾದರಸದ ಸೆಲ್, 1952ರ ಕೊನೆಯಲ್ಲಿ ಸೊನೊಟೋನ್ ಸಾಧನದೊಳಗೆ ಬಂದ ಟ್ರಾನ್ಸಿಸ್ಟರ್, ಇವೆರಡೂ ಸೇರಿ ದೊಡ್ಡ ಬ್ಯಾಟರಿಯನ್ನು ಮೂಲೆಗೆ ತಳ್ಳಿದವು. ಸೆಲ್ ಸಾಧನದ ಹೊಟ್ಟೆಯೊಳಗೇ ಬಂದು ಕುಳಿತಿತು. ಮುಚ್ಚಳದ ಪ್ರಶ್ನೆ ನಿಜವಾಗಿ ಹುಟ್ಟಿದ್ದು ಆಗ.

ಭಾರತದಲ್ಲಿ ಬಹುಕಾಲ ಬಡವರ ಪಾಲಿಗೆ ಬಂದದ್ದು ಅಂಗಿಯ ಜೇಬಿನ ಸಾಧನ. ಕಾನ್ಪುರದಲ್ಲಿ 1972ರಲ್ಲಿ ಸ್ಥಾಪನೆಯಾದ, ಕೃತಕ ಅಂಗ ತಯಾರಿಸುವ ಸರ್ಕಾರಿ ಸಂಸ್ಥೆ ಅಲಿಮ್ಕೊ, ಅಂಗವಿಕಲರಿಗೆ ಸಹಾಯಕ ಸಾಧನ ಒದಗಿಸಲು 1981ರಲ್ಲಿ ಆರಂಭವಾದ ಅಡಿಪ್ ಯೋಜನೆ, ಇವುಗಳ ಮೂಲಕ ಶಿಬಿರಗಳಲ್ಲಿ ಹಂಚಿಕೆಯಾದದ್ದು ಇದೇ ಬಗೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ, ಅಲ್ಲಿಂದ ಕಿವಿಗೆ ತಂತಿ, ಡಬ್ಬಿಯೊಳಗೆ ಒಂದು ಪೆನ್ಸಿಲ್ ಸೆಲ್. ಜಾರಿಸಿ ತೆಗೆಯುವ ಪ್ಲಾಸ್ಟಿಕ್ ಮುಚ್ಚಳ. ಒಂದು ತುದಿಗೆ ಸುರುಳಿ ಸ್ಪ್ರಿಂಗ್, ಇನ್ನೊಂದು ತುದಿಗೆ ಚಪ್ಪಟೆ ಲೋಹದ ಪಟ್ಟಿ. ಇದರ ದೌರ್ಬಲ್ಯಗಳು ಕಣ್ಣಿಗೆ ಕಾಣುವಂಥವು. ಸತುವಿನ ಸೆಲ್ ಖರ್ಚಾಗುತ್ತ ಬಂದಂತೆ ಅದರ ಹೊರಕವಚವೇ ಕರಗಿ, ಒಳಗಿನ ಲವಣದ ದ್ರವ ಸೋರಿ ಸ್ಪ್ರಿಂಗಿಗೆ ತುಕ್ಕು ಹಿಡಿಸುತ್ತದೆ. ಎದೆಯ ಬೆವರು, ಲೋಕಲ್ ರೈಲಿನ ನೂಕುನುಗ್ಗಲು ಸೇರಿದರೆ ಆ ತುಕ್ಕಿಗೆ ಇನ್ನಷ್ಟು ಬಲ. ಮುಚ್ಚಳದ ತೆಳುವಾದ ಕೊಕ್ಕೆ ಮುರಿದ ಮೇಲೆ ಅದನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು ಬಳಸುವುದೊಂದೇ ದಾರಿ.

ಆದರೂ ಈ ಡಬ್ಬಿಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಪೆನ್ಸಿಲ್ ಸೆಲ್ ಮೂಲೆಯಂಗಡಿಯಲ್ಲೂ ಸಿಗುತ್ತದೆ. ನಡುಗುವ ಮುದಿಬೆರಳೂ ಅದನ್ನು ಹಿಡಿಯಬಲ್ಲದು. ಎಲ್ಲಕ್ಕಿಂತ ಮುಖ್ಯವಾಗಿ, ಐದು ಸೆಂಟಿಮೀಟರ್ ಉದ್ದದ ಆ ಕೊಳವೆಯನ್ನು ಪುಟ್ಟ ಮಗು ಸುಲಭವಾಗಿ ನುಂಗಲಾರದು. ಅಂದರೆ ಇಲ್ಲಿ ಭದ್ರತೆ ಇದ್ದದ್ದು ಮುಚ್ಚಳದಲ್ಲಲ್ಲ, ಸೆಲ್ಲಿನ ಗಾತ್ರದಲ್ಲಿ. ಸಾಧನ ಎದೆಯಿಂದ ಕಿವಿಯ ಹಿಂದಕ್ಕೆ ಏರಿದಾಗ ಆ ಗಾತ್ರ ಹೋಯಿತು, ಅದರೊಂದಿಗೆ ಗಾತ್ರವೇ ಕೊಡುತ್ತಿದ್ದ ರಕ್ಷಣೆಯೂ ಹೋಯಿತು. ಆ ಹೊಣೆಯೆಲ್ಲ ಒಂದು ಪುಟ್ಟ ಬಾಗಿಲಿನ ಮೇಲೆ ಬಿತ್ತು.

ಆ ಬಾಗಿಲು ಮಾಡುವ ಕೆಲಸಗಳನ್ನು ಗಮನಿಸಬೇಕು. ಕಿವಿಯ ಹಿಂದಿನ ಸಾಧನಗಳಿಗೆ ಬಳಕೆಯಾದ ಗುಂಡಿ ಸೆಲ್ಲುಗಳಲ್ಲಿ 675ನೇ ಸಂಖ್ಯೆಯದು 11.6 ಮಿ.ಮೀ. ಅಗಲ, 13 ಮತ್ತು 312 ಎರಡೂ 7.9 ಮಿ.ಮೀ., 10ನೆಯದು 5.8 ಮಿ.ಮೀ. ನೀಲಿ, ಕಿತ್ತಳೆ, ಕಂದು, ಹಳದಿ ಚೀಟಿಗಳಿಂದ ಇವನ್ನು ಗುರುತಿಸುತ್ತಾರೆ. ಬಾಗಿಲು ಒಂದು ಕೀಲಿನ ಮೇಲೆ ತಿರುಗುತ್ತದೆ. ಅದರೊಳಗಿನ ತೊಟ್ಟಿಲಂಥ ಗೂಡಿನಲ್ಲಿ ಸೆಲ್ ಮಲಗುತ್ತದೆ. ಸೆಲ್ಲಿನ ಋಣಮುಖ ತುಸು ಕಿರಿದಾಗಿರುವುದರಿಂದ ಗೂಡನ್ನೂ ಅದೇ ಆಕಾರಕ್ಕೆ ಕೊರೆದಿರುತ್ತಾರೆ; ತಲೆಕೆಳಗಾಗಿ ಹಾಕಿದರೆ ಬಾಗಿಲು ಮುಚ್ಚುವುದೇ ಇಲ್ಲ. ಬಲವಂತ ಮಾಡಿದರೆ ಕೀಲು ಮುರಿಯುತ್ತದೆ. ಅನೇಕ ಸಾಧನಗಳಲ್ಲಿ ಬೇರೆ ಸ್ವಿಚ್ಚಿಲ್ಲ, ಬಾಗಿಲು ತುಸು ತೆರೆದರೆ ಸಾಧನ ಆರುತ್ತದೆ, ಮುಚ್ಚಿದರೆ ಹೊತ್ತಿಕೊಳ್ಳುತ್ತದೆ. ಬಲಗಿವಿಗೆ ಕೆಂಪು, ಎಡಗಿವಿಗೆ ನೀಲಿ ಎಂಬ ಗುರುತನ್ನು ಎಷ್ಟೋ ಮಾದರಿಗಳಲ್ಲಿ ಇದರ ಒಳಬದಿಯಲ್ಲೇ ಕಾಣಬಹುದು.

1970ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಸತು-ಗಾಳಿ ಸೆಲ್ ಈ ವಿನ್ಯಾಸಕ್ಕೆ ಹೊಸ ತೊಡಕು ತಂದಿತು. ಪಾದರಸದ ಸೆಲ್ಲಿಗೆ ಹೊರಗಿನಿಂದ ಏನೂ ಬೇಕಿರಲಿಲ್ಲ. ಸತು-ಗಾಳಿ ಸೆಲ್ ಉಸಿರಾಡುತ್ತದೆ: ಚೀಟಿ ಕಿತ್ತಾಗ ತೆರೆದುಕೊಳ್ಳುವ ರಂಧ್ರಗಳಿಂದ ಆಮ್ಲಜನಕ ಒಳಹೋಗಿ ಸತುವಿನೊಡನೆ ಸೇರಿದರಷ್ಟೇ ಅದರ 1.4 ವೋಲ್ಟ್ ಹುಟ್ಟುತ್ತದೆ. ಹೀಗಾಗಿ ಬಾಗಿಲು ಭದ್ರವಾಗಿಯೂ ಇರಬೇಕು, ಗಾಳಿಯನ್ನೂ ಬಿಡಬೇಕು. ಸತು ಆಕ್ಸೈಡ್ ಆಗುತ್ತ ಉಬ್ಬುವುದರಿಂದ ಗೂಡಿನಲ್ಲಿ ತುಸು ಎಡೆಯೂ ಬೇಕು. ಇಲ್ಲದಿದ್ದರೆ ಖರ್ಚಾದ ಸೆಲ್ ಒಳಗೇ ಸಿಕ್ಕಿಕೊಳ್ಳುತ್ತದೆ. ಗಾಳಿಯ ಜೊತೆ ತೇವವೂ ಬರುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಸೆಲ್ಲಿನ ದ್ರವ ಒಣಗುವ ಕಡೆಗೆ ಸಾಗಿದರೆ, ಜುಲೈ ತಿಂಗಳ ಮುಂಬಯಿಯಲ್ಲಿ ಅದೇ ದ್ರವ ನೀರು ಹೀರಿ ತುಂಬಿಕೊಳ್ಳುತ್ತದೆ. ಎರಡರಲ್ಲೂ ಸೆಲ್ಲಿನ ಆಯುಸ್ಸು ಕಡಿಮೆಯಾಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದ ಊರಿದು. ಗಾಳಿ ಬಿಟ್ಟು ನೀರು ತಡೆಯುವ ಪೊರೆಯನ್ನು ಬಾಗಿಲಿನ ರಂಧ್ರಕ್ಕೆ ಹೊದಿಸುವ ವಿನ್ಯಾಸ ಬಂದಿದೆಯಾದರೂ ಅದಿರುವುದು ಬೆಲೆಬಾಳುವ ಮಾದರಿಗಳಲ್ಲಿ. ಉಳಿದವರು ರಾತ್ರಿ ಬಾಗಿಲು ತೆರೆದು ಸಾಧನವನ್ನು ಸಿಲಿಕಾ ಹರಳಿನ ಡಬ್ಬಿಯಲ್ಲಿ ಇಡಬೇಕು. ಸೆಲ್ಲನ್ನು ಹೊರತೆಗೆದು ಇಡಬೇಕು.

ಹೀಗೆ ಹೊರತೆಗೆದಿಟ್ಟ ಸೆಲ್ಲಿನಿಂದಲೇ ಇನ್ನೊಂದು ಅಪಾಯ ಶುರುವಾಗುತ್ತದೆ. ಅಮೆರಿಕದಲ್ಲಿ ಗುಂಡಿ ಸೆಲ್ ಅಥವಾ ಕೊಳವೆಯಾಕಾರದ ಸೆಲ್ ನುಂಗಿದ 2,382 ಪ್ರಕರಣಗಳನ್ನು ವಿಶ್ಲೇಷಿಸಿ ಟೋಬಿ ಲಿಟೊವಿಟ್ಜ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 44.6ರಷ್ಟು ಸೆಲ್ಲುಗಳು ಶ್ರವಣಸಾಧನಕ್ಕೆ ಸೇರಿದವಾಗಿದ್ದವು. ಅವುಗಳಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಮಕ್ಕಳು ತಮ್ಮದೇ ಸಾಧನದಿಂದ ತೆಗೆದಿದ್ದರು. ಸೆಲ್ ಅನ್ನನಾಳದಲ್ಲೋ ಮೂಗಿನಲ್ಲೋ ಸಿಕ್ಕಿಕೊಂಡರೆ ಒದ್ದೆ ಅಂಗಾಂಶದ ಮೂಲಕ ವಿದ್ಯುತ್ ಹರಿದು, ಋಣಮುಖದ ಬಳಿ ಪ್ರಬಲ ಕ್ಷಾರ ಹುಟ್ಟಿ ಸುಡುತ್ತದೆ. ಮೂರು ವೋಲ್ಟಿನ ಲಿಥಿಯಂ ಬಿಲ್ಲೆಯಷ್ಟು ಘೋರವಾಗಿ ಸತು-ಗಾಳಿ ಸೆಲ್ ಸುಡುವುದಿಲ್ಲ, ಆದರೂ ಅದನ್ನು ಹಗುರವಾಗಿ ಕಾಣುವಂತಿಲ್ಲ. ಶ್ರವಣಸಾಧನಗಳ ಸುರಕ್ಷತೆಗಾಗಿ 2012ರಲ್ಲಿ ಮೊದಲು ಬಂದ ಐಇಸಿ 60601-2-66 ಎಂಬ ಅಂತರರಾಷ್ಟ್ರೀಯ ಮಾನದಂಡವು, 36 ತಿಂಗಳಿಗಿಂತ ಕಿರಿಯ ಮಕ್ಕಳ ಸಾಧನದ ಬ್ಯಾಟರಿ ಗೂಡು ಸುಲಭವಾಗಿ ಬಿಚ್ಚಿಕೊಳ್ಳದಂತೆ ಇರಬೇಕೆಂದು ವಿಧಿಸಿತು. ಈ ಬೀಗಗಳು ಸರಳ: ಬಾಗಿಲಿನ ಅಂಚಿನಲ್ಲೊಂದು ಪುಟ್ಟ ಅಗುಳಿ, ಅದನ್ನು ಸರಿಸಲು ಸೂಜಿಯಂಥ ಉಪಕರಣ ಅಥವಾ ಚಿಕ್ಕ ಸ್ಕ್ರೂಡ್ರೈವರ್.

ಮಗುವನ್ನು ತಡೆಯುವ ಅಗುಳಿ ಅಜ್ಜಿಯನ್ನೂ ತಡೆಯುತ್ತದೆ. ಸಂಧಿವಾತದ ಬೆರಳು, ಪೊರೆ ಬಂದ ಕಣ್ಣು ಇದ್ದವರಿಗೆ 10ನೇ ಸಂಖ್ಯೆಯ ಸೆಲ್ಲನ್ನು ಬದಲಿಸುವುದೇ ಪರೀಕ್ಷೆ. ಕಿವುಡು ಮತ್ತು ಕುರುಡು ಎರಡೂ ಇರುವವರಿಗೆ ಬಣ್ಣದ ಚೀಟಿಯಿಂದ ಪ್ರಯೋಜನವಿಲ್ಲ. ಉಗುರಿಗೆ ಸಿಗುವ ಗೀರು, ಬಾಗಿಲು ಸರಿಯಾಗಿ ಕೂತಾಗ ಬೆರಳಿಗೆ ತಿಳಿಯುವ ಮಿಡಿತ, ಸೆಲ್ಲಿನ ಎರಡು ಮುಖಗಳ ಅಗಲದ ಅಂತರ, ಇವೇ ಅವರಿಗೆ ಓದಲು ಸಿಗುವ ಅಕ್ಷರ. ಬಾಗಿಲಿನ ವಿನ್ಯಾಸಕರು ಮೊದಲು ಕೂರಬೇಕಾದದ್ದು ಇಂಥವರ ಪಕ್ಕದಲ್ಲಿ ಎಂದು ನಾನು ಬಲವಾಗಿ ನಂಬುತ್ತೇನೆ.

2016ರ ಹೊತ್ತಿಗೆ ಫೋನಾಕ್, ಸಿಗ್ನಿಯಾ ಮೊದಲಾದ ಕಂಪನಿಗಳು ಲಿಥಿಯಂ-ಅಯಾನ್ ಸೆಲ್ಲನ್ನು ಒಳಗೇ ಭದ್ರವಾಗಿ ಮುಚ್ಚಿ, ಬಾಗಿಲನ್ನೇ ತೆಗೆದುಹಾಕಿದ ಸಾಧನಗಳನ್ನು ತಂದವು. ಮಗುವಿಗೂ ಮುದುಕರಿಗೂ ಮಳೆಗೂ ಇದು ಒಂದೇ ಏಟಿನ ಉತ್ತರದಂತೆ ಕಾಣುತ್ತದೆ. ಆದರೆ ಸೆಲ್ ಸೊರಗಿದಾಗ ಅದನ್ನು ಮನೆಯಲ್ಲಿ ಬದಲಿಸಲಾಗದು, ಸಾಧನವನ್ನೇ ತಯಾರಕರಿಗೆ ಕಳಿಸಬೇಕು. ಬೆಲೆಯೂ ಹೆಚ್ಚು. ಅಗ್ಗದ ಸಾಧನಗಳಲ್ಲಿ ಬಾಗಿಲು ಇನ್ನೂ ಬಹುಕಾಲ ಉಳಿಯುತ್ತದೆ.

ಆದ್ದರಿಂದ ಮಾನದಂಡದ ಒಂದು ಕೊರತೆಯನ್ನು ಇಲ್ಲಿ ಎತ್ತಿ ಹೇಳಬೇಕು. ಅದು ನೋಡುವುದು ಸಾಧನ ಧರಿಸುವವರ ವಯಸ್ಸನ್ನು. ಲಿಟೊವಿಟ್ಜ್ ಅಧ್ಯಯನದ ಲೆಕ್ಕದಂತೆಯೇ ಶ್ರವಣಸಾಧನದ ಸೆಲ್ ನುಂಗಿದ ಸುಮಾರು ಮೂರನೇ ಎರಡು ಭಾಗದಷ್ಟು ಪ್ರಕರಣಗಳಲ್ಲಿ ಅದು ಬಂದದ್ದು ಮಗುವಿನ ಸ್ವಂತ ಸಾಧನದಿಂದಲ್ಲ. ಮುಂಬಯಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕುಟುಂಬಗಳು ಒಂದೇ ಕೋಣೆಯಲ್ಲಿ ಬದುಕುತ್ತವೆ ಎಂದು 2011ರ ಜನಗಣತಿ ತಿಳಿಸಿತು. ಪರೇಲಿನ ಚಾಳಿನಲ್ಲೋ ಡೊಂಬಿವಲಿಯ ಪುಟ್ಟ ಫ್ಲ್ಯಾಟಿನಲ್ಲೋ ಅಜ್ಜನ ಸಾಧನವೂ ಮೊಮ್ಮಗುವೂ ಇರುವುದು ಅದೇ ಕೋಣೆಯಲ್ಲಿ. ಅಗುಳಿಯುಳ್ಳ ಬಾಗಿಲು ಬಿಡಿಭಾಗವಾಗಿ ಲಭ್ಯವಿರುವ ಮಾದರಿಗಳಿವೆ. ಸಾಧನ ಕೊಡುವ ದಿನ ಶ್ರವಣತಜ್ಞರು ಶ್ರವಣಶಕ್ತಿಯ ನಕ್ಷೆಯ ಜೊತೆಗೆ ಮನೆಯಲ್ಲಿ ಎಷ್ಟು ವಯಸ್ಸಿನ ಮಕ್ಕಳಿದ್ದಾರೆಂದು ಕೇಳಿ ಬರೆದುಕೊಳ್ಳಬೇಕು. ಮಗುವಿದ್ದರೆ ಅಜ್ಜನ ಸಾಧನಕ್ಕೂ ಅಗುಳಿ ಹಾಕಿ, ಅದನ್ನು ತೆಗೆಯುವ ಉಪಕರಣವನ್ನು ಸೊಸೆಯ ಕೈಗೋ ಮಗನ ಕೈಗೋ ಕೊಟ್ಟು, ತೆಗೆದು ಹಾಕುವುದನ್ನು ಅಲ್ಲೇ ಮಾಡಿಸಿ ನೋಡಬೇಕು.