ಮೀನು ಬದುಕಿದೆ ಎಂದರೆ ಅಳಿವೆಯ ಕೆಸರಿನಲ್ಲಿ ವಿಷವಿಲ್ಲ ಎಂದರ್ಥವೇ?

"ನೀರು ತಿಳಿಯಾಗಿದೆ, ಮೀನುಗಳು ಆರಾಮಾಗಿ ಓಡಾಡುತ್ತಿವೆ. ಇನ್ನು ವಿಷ ಎಲ್ಲಿಂದ ಬಂತು?" ಬಂದರು ಅಥವಾ ಕಾರ್ಖಾನೆಯ ಮಾಲಿನ್ಯದ ಮಾತು ಬಂದಾಗಲೆಲ್ಲ ಇಂಥ ಪ್ರಶ್ನೆ ಏಳುತ್ತದೆ. ಕೇಳಲು ಸರಿ ಎನಿಸಿದರೂ ಈ ವಾದ ತಪ್ಪು. ಈಜುತ್ತಿರುವ ಮೀನಿನ ಲಿವರ್‌ನಲ್ಲಿ ಗಡ್ಡೆ ಬೆಳೆಯುತ್ತಿರಬಹುದು.

ವಿಷ ಕೂರುವುದು ತಳದಲ್ಲಿ

ನದಿ ಸಮುದ್ರ ಸೇರುವ ಜಾಗವೇ ಅಳಿವೆ. ಅಲ್ಲಿ ನೀರಿನ ಓಟ ನಿಧಾನವಾಗುತ್ತದೆ. ಉಪ್ಪುನೀರು ತಾಗಿದಾಗ ಸಣ್ಣ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ಕೆಳಗಿಳಿಯುತ್ತವೆ. ಪಾದರಸ, ಸೀಸದಂಥ ಲೋಹಗಳು, ಎಣ್ಣೆ ಮತ್ತು ಡಾಂಬರಿನ ರಾಸಾಯನಿಕಗಳು ಈ ಕಣಗಳಿಗೆ ಅಂಟಿಕೊಂಡೇ ತಳ ಸೇರುತ್ತವೆ. ಮೇಲಿನ ನೀರು ಪ್ರತಿ ಉಬ್ಬರ ಇಳಿತಕ್ಕೂ ಬದಲಾಗುತ್ತದೆ, ಆದರೆ ಕೆಳಗಿನ ಹೂಳು ದಶಕಗಳ ಕೊಳೆಯನ್ನು ಹಿಡಿದಿಟ್ಟುಕೊಂಡಿರುತ್ತದೆ.

ಹಾಗಾದರೆ ಹೂಳನ್ನೇ ಲ್ಯಾಬ್‌ಗೆ ಕಳುಹಿಸಿದರೆ ಸಾಲದೇ? ಸಾಲದು. ಯಾವ ರಾಸಾಯನಿಕ ಎಷ್ಟಿದೆ ಎಂಬುದು ಆ ಪರೀಕ್ಷೆಯಿಂದ ಗೊತ್ತಾಗುತ್ತದೆ. ಅದರಲ್ಲಿ ಎಷ್ಟು ಭಾಗ ಜೀವಿಯ ಮೈ ಸೇರುತ್ತದೆ, ಹಲವು ವಿಷಗಳು ಬೆರೆತಾಗ ಏನಾಗುತ್ತದೆ ಎಂಬುದು ಗೊತ್ತಾಗುವುದಿಲ್ಲ.

ಬಯೋಮಾರ್ಕರ್ ಎಂದರೇನು?

ನಮಗೆ ಹುಷಾರಿಲ್ಲದಾಗ ಡಾಕ್ಟರು ರಕ್ತ ಪರೀಕ್ಷೆ ಬರೆದುಕೊಡುತ್ತಾರಲ್ಲ, ಇದೂ ಹಾಗೆಯೇ. ವಿಷ ತಾಗಿದಾಗ ಮೀನಿನ ದೇಹದೊಳಗೆ ಆಗುವ, ಅಳೆಯಬಹುದಾದ ಬದಲಾವಣೆಗಳೇ ಬಯೋಮಾರ್ಕರ್‌ಗಳು. ಮುಖ್ಯವಾದವು ಇವು:

- ಸಿವೈಪಿ1ಎ ಕಿಣ್ವ: ಡಾಂಬರು, ಸುಟ್ಟ ಇಂಧನದಿಂದ ಬರುವ ಪಿಎಎಚ್ ಎಂಬ ರಾಸಾಯನಿಕಗಳು ಒಳಗೆ ಹೋದಾಗ ಲಿವರ್‌ನಲ್ಲಿ ಇದು ಹೆಚ್ಚುತ್ತದೆ.
- ಮೆಟಲೋಥಿಯೊನಿನ್: ಕ್ಯಾಡ್ಮಿಯಂ, ಪಾದರಸದಂಥ ಲೋಹಗಳನ್ನು ಕಟ್ಟಿಹಾಕುವ ಪ್ರೋಟೀನ್.
- ಅಸಿಟೈಲ್‌ಕೋಲಿನೆಸ್ಟರೇಸ್: ನರಗಳಿಗೆ ಬೇಕಾದ ಕಿಣ್ವ. ಕೆಲವು ಕೀಟನಾಶಕಗಳು ತಾಗಿದರೆ ಇದರ ಕೆಲಸ ಕುಗ್ಗುತ್ತದೆ.
- ವೈಟೆಲೊಜೆನಿನ್: ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನ್. ಗಂಡು ಮೀನಿನ ರಕ್ತದಲ್ಲಿ ಇದು ಹೆಚ್ಚು ಕಂಡರೆ, ಸ್ತ್ರೀ ಹಾರ್ಮೋನಿನಂತೆ ವರ್ತಿಸುವ ವಸ್ತು ಅದರ ಮೈ ಸೇರಿದೆ ಎಂಬ ಸುಳಿವು.
- ಡಿಎನ್‌ಎ ಹಾನಿ ಮತ್ತು ಲಿವರ್‌ನ ಗಾಯಗಳು: ಇವು ಹಾನಿ ಆಗಿಹೋಗಿದೆ ಎಂದು ತೋರಿಸುವ ಗುರುತುಗಳು.

ಈಗಲ್ ಹಾರ್ಬರ್‌ನಲ್ಲಿ ನಡೆದದ್ದು

ಅಮೆರಿಕದ ಸಿಯಾಟಲ್ ನಗರದ ಬಳಿ ಪ್ಯೂಜೆಟ್ ಸೌಂಡ್ ಎಂಬ ದೊಡ್ಡ ಅಳಿವೆ ಪ್ರದೇಶವಿದೆ. ಅಲ್ಲಿನ ಬೇನ್‌ಬ್ರಿಜ್ ದ್ವೀಪದ ಈಗಲ್ ಹಾರ್ಬರ್ ದಂಡೆಯಲ್ಲಿ ಮರದ ಕಂಬಗಳಿಗೆ ಹುಳು ಹಿಡಿಯದಂತೆ ಕ್ರಿಯೋಸೋಟ್ ಕುಡಿಸುವ ಕೆಲಸ ದಶಕಗಳ ಕಾಲ ನಡೆಯಿತು. ಕಲ್ಲಿದ್ದಲ ಡಾಂಬರಿನಿಂದ ಬರುವ ಈ ಎಣ್ಣೆಯ ತುಂಬ ಪಿಎಎಚ್ ಇರುತ್ತದೆ. ಅದು ಸೋರಿ ತಳದ ಕೆಸರು ಸೇರಿತು.

ಆ ಕೆಸರಿನ ಮೇಲೆ ಇಂಗ್ಲಿಷ್ ಸೋಲ್ ಎಂಬ ಚಪ್ಪಟೆ ಮೀನು ವಾಸಿಸುತ್ತದೆ. ನಮ್ಮ ಕರಾವಳಿಯ ನಂಗು ಮೀನಿನಂತೆ ಇದೂ ತಳಕ್ಕೆ ಅಂಟಿಕೊಂಡೇ ಇರುತ್ತದೆ, ಕೆಸರಿನ ಹುಳುಗಳನ್ನೇ ತಿನ್ನುತ್ತದೆ. 1980ರ ದಶಕದಲ್ಲಿ ವಿಜ್ಞಾನಿಗಳು ಈ ಮೀನುಗಳನ್ನು ಹಿಡಿದು ಕೊಯ್ದು ನೋಡಿದಾಗ ಹಲವುಗಳ ಲಿವರ್‌ನಲ್ಲಿ ಗಡ್ಡೆಗಳಿದ್ದವು. ಅದೇ ಕೆಸರಿನ ಸಾರ ತೆಗೆದು ಲ್ಯಾಬ್‌ನಲ್ಲಿ ಆರೋಗ್ಯವಂತ ಮೀನುಗಳಿಗೆ ಚುಚ್ಚಿದಾಗ, ಗಡ್ಡೆಗೆ ಮೊದಲು ಕಾಣುವಂಥ ಬದಲಾವಣೆಗಳು ಅವುಗಳ ಲಿವರ್‌ನಲ್ಲೂ ಕಂಡವು.

1987ರಲ್ಲಿ ಈ ಜಾಗ ಅಮೆರಿಕ ಸರ್ಕಾರದ ಸೂಪರ್‌ಫಂಡ್ ಶುದ್ಧೀಕರಣ ಪಟ್ಟಿಗೆ ಸೇರಿತು. 1993-94ರಲ್ಲಿ ಹಾಳಾದ ತಳದ ಮೇಲೆ ಶುದ್ಧ ಹೂಳಿನ ಪದರ ಹಾಸಿದರು. ಅದಾದ ಮೇಲೆ ಸುಮಾರು ಹತ್ತು ವರ್ಷ ಅದೇ ಜಾತಿಯ ಮೀನಿನ ಪಿತ್ತರಸ, ಡಿಎನ್‌ಎ ಮತ್ತು ಲಿವರ್ ಪರೀಕ್ಷೆ ನಡೆಯಿತು. ಮೊದಮೊದಲು ಫಲಿತಾಂಶ ಏರುಪೇರಾದರೂ ವರ್ಷ ಕಳೆದಂತೆ ಮೂರೂ ಗುರುತುಗಳು ಇಳಿದವು. ರೋಗ ಪತ್ತೆಹಚ್ಚಿದ ಪರೀಕ್ಷೆಯೇ, ಶುದ್ಧೀಕರಣಕ್ಕೆ ಸುರಿದ ಹಣ ವ್ಯರ್ಥವಾಗಲಿಲ್ಲ ಎಂಬುದನ್ನೂ ತೋರಿಸಿಕೊಟ್ಟಿತು.

ಒಂದೇ ಪರೀಕ್ಷೆ ನಂಬಬೇಡಿ

ಮೀನಿನ ವಯಸ್ಸು, ಗಂಡೋ ಹೆಣ್ಣೋ, ನೀರಿನ ಉಷ್ಣತೆ, ಮೊಟ್ಟೆ ಇಡುವ ಕಾಲ ಇವೆಲ್ಲವೂ ಬಯೋಮಾರ್ಕರ್‌ಗಳನ್ನು ಏರಿಳಿಸುತ್ತವೆ. ಆದ್ದರಿಂದ ಶುದ್ಧ ಜಾಗದ ಅದೇ ಜಾತಿಯ ಮೀನಿನ ಜೊತೆ ಹೋಲಿಸಲೇಬೇಕು.

ಇನ್ನೂ ದೊಡ್ಡ ಮೋಸವಿದೆ. ವರ್ಜೀನಿಯಾದ ಎಲಿಜಬೆತ್ ನದಿಯ ಕೆಸರಿನಲ್ಲೂ ಕ್ರಿಯೋಸೋಟ್ ತುಂಬಿತ್ತು. ಅಲ್ಲಿನ ಕಿಲಿಫಿಶ್ ಎಂಬ ಪುಟ್ಟ ಮೀನುಗಳು ತಲೆಮಾರುಗಳಲ್ಲಿ ಆ ವಿಷಕ್ಕೆ ಒಗ್ಗಿಕೊಂಡವು. ಅವುಗಳಲ್ಲಿ ಸಿವೈಪಿ1ಎ ಅಷ್ಟಾಗಿ ಏರುವುದೇ ಇಲ್ಲ. ಆ ಒಂದೇ ಗುರುತು ನೋಡಿದವರು ಕೆಸರು ಶುದ್ಧ ಎಂದುಬಿಡಬಹುದು. ಆದರೆ ಅದೇ ನದಿಯ ಕಿಲಿಫಿಶ್‌ಗಳ ಲಿವರ್‌ನಲ್ಲಿ ಗಡ್ಡೆಗಳು ಸಿಕ್ಕಿವೆ. ಈ ಕಾರಣಕ್ಕೇ ಕೆಸರಿನ ರಾಸಾಯನಿಕ ಲೆಕ್ಕ, ಲ್ಯಾಬ್‌ನಲ್ಲಿ ಜೀವಿಗಳ ಮೇಲೆ ಅದರ ಪರಿಣಾಮ, ತಳದಲ್ಲಿ ಬದುಕುವ ಹುಳು-ಚಿಪ್ಪುಜೀವಿಗಳ ಸ್ಥಿತಿ ಇವುಗಳ ಜೊತೆಗೆ ಮೀನಿನ ಹಲವು ಬಯೋಮಾರ್ಕರ್‌ಗಳನ್ನು ಇಟ್ಟು ನೋಡಬೇಕು.

ಹಾಗಾದರೆ ಮೀನು ತಿನ್ನಬಾರದೇ?

ಗಡ್ಡೆಯಿರುವ ಮೀನು ತಿಂದರೆ ಕ್ಯಾನ್ಸರ್ ಅಂಟುತ್ತದೆ ಎಂಬುದು ಸುಳ್ಳು. ಗಡ್ಡೆ ಮೀನಿನಿಂದ ಮನುಷ್ಯರಿಗೆ ಹರಡುವುದಿಲ್ಲ. ಮೀನುಗಳು ಪಿಎಎಚ್ ಅನ್ನು ಬೇಗ ಒಡೆದು ಪಿತ್ತದ ಮೂಲಕ ಹೊರಹಾಕುವುದರಿಂದ ಮಾಂಸದಲ್ಲಿ ಅದು ಉಳಿಯುವುದು ಕಡಿಮೆ. ಮರುವಾಯಿ, ಪಚ್ಚಿಲೆಯಂಥ ಚಿಪ್ಪುಜೀವಿಗಳಿಗೆ ಅಷ್ಟು ಚೆನ್ನಾಗಿ ಒಡೆಯಲು ಆಗುವುದಿಲ್ಲ, ಅವುಗಳಲ್ಲಿ ಹೆಚ್ಚು ಉಳಿಯುತ್ತದೆ. ಪಾದರಸದ ಕಥೆ ಬೇರೆ: ಅದು ಮೀನಿನ ಮಾಂಸದಲ್ಲೇ ಸೇರುತ್ತದೆ, ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ.

ನೆನಪಿಡಬೇಕಾದ್ದು ಇಷ್ಟು. ಬಯೋಮಾರ್ಕರ್ ಹೇಳುವುದು ಮೀನಿನ ಮತ್ತು ಅದು ಬದುಕುವ ಕೆಸರಿನ ಆರೋಗ್ಯವನ್ನು. ತಿನ್ನಲು ಸುರಕ್ಷಿತವೇ ಎಂದು ತಿಳಿಯಲು ತಿನ್ನುವ ಭಾಗವನ್ನೇ ಪರೀಕ್ಷಿಸಬೇಕು. ಮುಂದೆ "ಈ ನದಿಯ ಮೀನು ವಿಷ" ಅಥವಾ "ಈ ನದಿ ಪೂರ್ತಿ ಶುದ್ಧ" ಎಂಬ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮೊದಲು ಕೇಳಿ: ಪರೀಕ್ಷೆ ಮಾಡಿದ್ದು ನೀರನ್ನೋ, ಕೆಸರನ್ನೋ, ಮೀನಿನ ಲಿವರ್ ಅನ್ನೋ, ಮಾಂಸವನ್ನೋ? ಯಾವ ಜಾಗದ ಜೊತೆ ಹೋಲಿಸಿದ್ದಾರೆ? ಉತ್ತರ ಇಲ್ಲದಿದ್ದರೆ ಆ ಮೆಸೇಜ್ ನಿಮ್ಮಲ್ಲೇ ನಿಲ್ಲಲಿ.