ರಾಮನ ಸೆರೆ, ರಾಗಿಯ ಹಗೇವು: ಶಿವಾರಪಟ್ಟಣ ಸೀಮೆಯ ಊಟದ ಚರಿತ್ರೆಗೆ ಒಂದು ತಿದ್ದುಪಡಿ

ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿ, ಭತ್ತಗಳ ಜಗಳಕ್ಕೆ ಶ್ರೀರಾಮ ಕೊಡುವ ತೀರ್ಪನ್ನು ನಮ್ಮ ವಿದ್ವಾಂಸರು ಓದಿಕೊಂಡು ಬಂದ ರೀತಿಗೆ ನನ್ನ ತಕರಾರಿದೆ. ನರೆದಲೆಗ (ರಾಗಿ) ಎಂದರೆ ಶೂದ್ರ, ವ್ರೀಹಿ (ಭತ್ತ) ಎಂದರೆ ಬ್ರಾಹ್ಮಣ, ಕಾವ್ಯವೆಂದರೆ ಜಾತಿಯ ರೂಪಕ ಎಂದು ಹೇಳಿ ಅವರು ಪುಸ್ತಕ ಮುಚ್ಚುತ್ತಾರೆ. ರೂಪಕ ಇಲ್ಲವೆಂದು ನಾನು ಹೇಳುತ್ತಿಲ್ಲ. ಆ ಓದನ್ನು ಕಟ್ಟಿಕೊಟ್ಟ ಹಿರಿಯರ ಋಣ ನನ್ನ ಮೇಲೂ ಇದೆ. ಆದರೆ ಈ ಅವಸರದಲ್ಲಿ ಕಾವ್ಯದ ಒಡಲಲ್ಲಿರುವ ರಾಗಿ ರಾಗಿಯಾಗಿ ಉಳಿಯಲಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಊಟದ ಚರಿತ್ರೆ ಬರೆಯುವವನಿಗೆ ಇದು ಸಣ್ಣ ನಷ್ಟವಲ್ಲ. ಈ ಸೀಮೆಯ ಜನ ಏನು ಉಂಡರು, ಅದನ್ನು ಹೇಗೆ ಕಾಪಾಡಿಕೊಂಡರು ಎಂಬುದಕ್ಕೆ ಕನ್ನಡದಲ್ಲಿರುವ ಅತ್ಯಂತ ಬೆಲೆಯುಳ್ಳ ಹಳೆಯ ಸಾಕ್ಷ್ಯ ಈ ತೀರ್ಪಿನೊಳಗೇ ಇದೆ.

ಇನ್ನೊಂದು ಕಡೆ ಶಾಸನದವರಿದ್ದಾರೆ. ಬಿ. ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯದು. ರೈಸರ ಆ ದುಡಿಮೆ ಇಲ್ಲದಿದ್ದರೆ ನಾವು ಯಾರೂ ಈ ಮಾತು ಆಡುತ್ತಿರಲಿಲ್ಲ. ಆದರೆ ಅದನ್ನು ಬಳಸುವವರು ಗದ್ದೆಯ ದತ್ತಿಗಳನ್ನು, ನೆಲ್ಲಿನ ಲೆಕ್ಕಗಳನ್ನು ಕೂಡಿಸಿ ‘ಕೆರೆಗಳ ನಾಡಾದ ಕೋಲಾರದ ಪ್ರಾಚೀನ ಆಹಾರ ಅಕ್ಕಿ’ ಎಂದು ತೀರ್ಮಾನಿಸಿಬಿಡುತ್ತಾರೆ. ಕೋಲಾರಮ್ಮನ ಗುಡಿಯ ಚೋಳರ ಕಾಲದ ತಮಿಳು ಶಾಸನಗಳು ದೇವಿಯ ಸೇವೆಯ ಖರ್ಚನ್ನು ನೆಲ್ಲಿನಲ್ಲಿ ಲೆಕ್ಕ ಹಾಕುತ್ತವೆ, ನಿಜ. ಆದರೆ ಅದು ಗುಡಿಯ ಜಮಾಖರ್ಚು. ಕೆರೆಯ ಕೆಳಗಿನ ಗದ್ದೆಯಿಂದ ಅರಸನ ಕಣಜಕ್ಕೂ ದೇವರ ಪಾಕಶಾಲೆಗೂ ಹೋದ ಧಾನ್ಯ ಕಲ್ಲಿನ ಮೇಲೆ ಬಂತು. ಬೆದ್ದಲಿನಲ್ಲಿ ಬೆಳೆದು ಒಕ್ಕಲ ಮನೆಯಲ್ಲೇ ಬೆಂದ ಧಾನ್ಯವನ್ನು ಕಲ್ಲಿನ ಮೇಲೆ ಕೊರೆಸಲು ಯಾರಿಗೂ ಕಾರಣವಿರಲಿಲ್ಲ.

ಇದನ್ನು ಅರಿಯಬೇಕಾದರೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣವನ್ನೇ ನೋಡಬಹುದು. ಗಂಗರ ಶಿವಮಾರನ ಹೆಸರಿನಿಂದ ಊರಿಗೆ ಈ ಹೆಸರು ಬಂತೆಂದು ಹೇಳುತ್ತಾರೆ. ಇಲ್ಲಿಯ ಶಿಲ್ಪಿಗಳು ಕೃಷ್ಣಶಿಲೆಯಲ್ಲಿ ಕಡೆದ ವಿಗ್ರಹಗಳು ನಾಡಿನ ನಾನಾ ಗುಡಿಗಳಿಗೆ ಹೋಗುತ್ತವೆ. ಗುಡಿ ಸೇರಿದ ವಿಗ್ರಹ ಪ್ರಾಣಪ್ರತಿಷ್ಠೆಗೆ ಮೊದಲು ಜಲಾಧಿವಾಸ, ಧಾನ್ಯಾಧಿವಾಸಗಳನ್ನು ಮುಗಿಸಬೇಕು: ಮೊದಲು ನೀರಿನಲ್ಲಿ, ಆಮೇಲೆ ಧಾನ್ಯದ ರಾಶಿಯಲ್ಲಿ ಮಲಗಬೇಕು. ಆ ರಾಶಿ ಭತ್ತದ್ದೋ ಅಕ್ಕಿಯದ್ದೋ ನವಧಾನ್ಯದ್ದೋ ಆಗಿರುತ್ತದೆ. ನವಧಾನ್ಯದ ರೂಢಿಯ ಪಟ್ಟಿಯನ್ನೊಮ್ಮೆ ಎಣಿಸಿ ನೋಡಿ: ಗೋಧಿ, ಭತ್ತ, ತೊಗರಿ, ಹೆಸರು, ಕಡಲೆ, ಅವರೆ, ಎಳ್ಳು, ಉದ್ದು, ಹುರುಳಿ. ಮಾಲೂರಿನ ಹೊಲದ ಅವರೆಗೆ ಅಲ್ಲಿ ಜಾಗವಿದೆ, ಹುರುಳಿಗೂ ಇದೆ. ಈ ಹೊಲಗಳಲ್ಲಿ ಬೆಳೆಯದ ಗೋಧಿಗೂ ಇದೆ. ರಾಗಿಗೆ ಇಲ್ಲ. ಶಿಲ್ಪಿ ಉಂಡ ಧಾನ್ಯದಲ್ಲಿ ಅವನ ಕೈಯ ದೇವರು ಮಲಗುವುದಿಲ್ಲ. ಗುಡಿಯ ಗೋಡೆಯ ಬರಹದಿಂದ ಊರಿನ ಗಂಗಳವನ್ನು ಊಹಿಸುವವರು ಈ ಅಂತರವನ್ನು ಮರೆತಿದ್ದಾರೆ.

ಕನಕದಾಸರು ಮರೆತಿರಲಿಲ್ಲ. ಕಾವ್ಯದಲ್ಲಿ ವ್ರೀಹಿ ತನ್ನ ಹಿರಿಮೆಗೆ ಕೊಡುವ ಆಧಾರಗಳೆಲ್ಲ ಮಂಗಳಕಾರ್ಯ, ಅಕ್ಷತೆ, ವಿಪ್ರರ ಊಟ, ದೇವಪೂಜೆ. ಶಾಸನಗಳ ಪಟ್ಟಿ ಇದೇ. ನರೆದಲೆಗ ಅದಕ್ಕೆ ಕೊಡುವ ಉತ್ತರ ಬೇರೆ ನೆಲೆಯದು: ಮಳೆ ಹೋಗಿ ಕ್ಷಾಮ ಬಂದಾಗ ಜನರನ್ನು ಉಳಿಸುವವನು ನಾನು, ನೀನು ಸಿರಿವಂತರ ಪಕ್ಷ. ಜಗಳ ಬಿಡಿಸಲಾಗದೆ ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅವಧಿ ಮುಗಿದಾಗ ವ್ರೀಹಿ ಕಳೆಗುಂದಿರುತ್ತಾನೆ, ನರೆದಲೆಗ ಗಟ್ಟಿಯಾಗಿಯೇ ಇರುತ್ತಾನೆ.

ಇಲ್ಲಿಗೆ ಬಂದಾಗ ರೂಪಕವಾದಿಗಳು ಮೌನವಾಗುತ್ತಾರೆ. ಜಾತಿಯ ರೂಪಕಕ್ಕೆ ಸೆರೆಯೇ ಏಕೆ ಬೇಕು? ವಾದದಲ್ಲಿ ಗೆಲ್ಲಿಸಬಹುದಿತ್ತು, ತಕ್ಕಡಿಯಲ್ಲಿ ತೂಗಬಹುದಿತ್ತು, ಅಗ್ನಿಪರೀಕ್ಷೆಯಂತೂ ರಾಮನ ಕಥೆಯಲ್ಲೇ ಸಿದ್ಧವಾಗಿತ್ತು. ಕವಿ ಅವೆಲ್ಲವನ್ನೂ ಬಿಟ್ಟು ಗಾಳಿಬೆಳಕಿಲ್ಲದ ಕಡೆ ಕೂಡಿಹಾಕುವ ಪರೀಕ್ಷೆಯನ್ನೇ ಆರಿಸಿಕೊಂಡ. ರಾಗಿ ಬೆಳೆಯುವ ನಾಡಿನಲ್ಲಿ ಅಂಥ ಒಂದು ಸೆರೆ ಊರೂರಿನಲ್ಲಿತ್ತು. ಅದರ ಹೆಸರು ಹಗೇವು.

ಹಗೇವನ್ನು ಕಾಣದ ಪೀಳಿಗೆ ಬಂದಿರುವುದರಿಂದ ಅದರ ರಚನೆಯನ್ನು ಬಿಡಿಸಿ ಹೇಳಬೇಕಾಗಿದೆ. ನೀರು ನಿಲ್ಲದ ಎತ್ತರದ ಗಟ್ಟಿ ನೆಲದಲ್ಲಿ, ಒಬ್ಬ ಆಳು ಇಳಿಯುವಷ್ಟೇ ಬಾಯಿ ಬಿಟ್ಟು ತೋಡುತ್ತಿದ್ದರು. ಒಳಗೆ ಇಳಿದಂತೆ ಗುಡಾಣದ ಹಾಗೆ ಅಗಲವಾಗುತ್ತದೆ. ತಳಕ್ಕೂ ಸುತ್ತಲಿನ ಗೋಡೆಗೂ ಒಣಹುಲ್ಲು ಕೊಟ್ಟು, ಚೆನ್ನಾಗಿ ಒಣಗಿದ ರಾಗಿಯನ್ನು ಸುರಿದು, ಮೇಲೆ ಮತ್ತೆ ಹುಲ್ಲು ಹಾಸಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣಿನಿಂದ ಮೆತ್ತುತ್ತಿದ್ದರು. ತೆಗೆಯುವ ದಿನ ಚಪ್ಪಡಿ ಸರಿಸಿ ಹೊತ್ತು ಕಾಯಬೇಕು, ಆಮೇಲೆ ದೀಪ ಇಳಿಬಿಡಬೇಕು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ, ಒಳಗಿನ ಗಾಳಿ ಕೆಟ್ಟಿದೆ ಎಂದರ್ಥ. ಅವಸರಪಟ್ಟು ಇಳಿದು ಪ್ರಾಣ ಬಿಟ್ಟವರಿದ್ದಾರೆ. ಆಳನ್ನು ಕೊಲ್ಲುವ ಈ ಗಾಳಿಯೇ ಹುಳವನ್ನೂ ಕೊಲ್ಲುತ್ತದೆ, ಕಾಳನ್ನು ಕಾಯುತ್ತದೆ. ಗೋಡೆಗೆ ತಾಗಿದ ಒಂದು ಪದರ ಮುಗ್ಗಾದರೂ ನಡುವಿನ ರಾಶಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ರಾಗಿಯ ಕಾಳು ಒಂದೆರಡು ಮಿಲಿಮೀಟರಿನದು, ಮೇಲಿನ ಹೊಟ್ಟು ಗಟ್ಟಿ. ಅಕ್ಕಿಯ ಹುಳ ಕಾಳಿನೊಳಗೇ ಮೊಟ್ಟೆಯಿಟ್ಟು ಅಲ್ಲೇ ಮರಿ ಬೆಳೆಸುವ ಜಾತಿ, ರಾಗಿಯೊಳಗೆ ಅದಕ್ಕೆ ಜಾಗವೇ ಸಾಲದು.

ಮೂರು ಆಕ್ಷೇಪಗಳು ಬರುತ್ತವೆ, ಬಂದಿವೆ ಕೂಡ. ಮೊದಲನೆಯದು, ಭತ್ತವೂ ಹೊಟ್ಟಿನೊಳಗೆ ಆರು ತಿಂಗಳು ಕೆಡದೆ ಇರುತ್ತದಲ್ಲ ಎಂಬುದು. ಇರುತ್ತದೆ: ನೆಲದ ಮೇಲಿನ ಕಣಜದಲ್ಲಿ, ವಾಡೆಯಲ್ಲಿ, ಗಾಳಿ ಆಡುವ ಕಡೆ. ನೆಲದೊಳಗಿನ ತೇವಕ್ಕೆ ಅದು ರಾಗಿಯಷ್ಟು ತಡೆಯುವುದಿಲ್ಲ, ಅಕ್ಕಿಯಾದರೆ ಇನ್ನೂ ಬೇಗ ಮುಗ್ಗುತ್ತದೆ. ಈ ಆಕ್ಷೇಪ ನನ್ನ ವಾದಕ್ಕೇ ಬಲ ಕೊಡುತ್ತದೆ. ಪರೀಕ್ಷೆ ನ್ಯಾಯವಾದದ್ದಲ್ಲ, ಅದನ್ನು ರಾಗಿಯ ಮನೆಯಂಗಳದಲ್ಲಿ ಏರ್ಪಡಿಸಲಾಗಿದೆ. ಹಗೇವಿನ ಗುಣ ಬಲ್ಲವನು ಮಾತ್ರ ಹಾಗೆ ಏರ್ಪಡಿಸಬಲ್ಲ.

ಎರಡನೆಯದು ಇನ್ನೂ ಗಂಭೀರವಾದದ್ದು. ಕನಕದಾಸರು ಬಾಡ, ಕಾಗಿನೆಲೆಯವರು, ಜೋಳದ ಸೀಮೆಯ ಅಂಚಿನವರು. ಅವರ ಕಾವ್ಯ ಕೋಲಾರದ ಊಟಕ್ಕೆ ಹೇಗೆ ಸಾಕ್ಷಿಯಾದೀತು? ಕಾವ್ಯ ಕೋಲಾರದ್ದೆಂದು ನಾನು ಹೇಳುವುದಿಲ್ಲ. ಹೇಳುವುದು ಇಷ್ಟೇ: ಅದು ವರ್ಣಿಸುವ ವ್ಯವಸ್ಥೆ ರಾಗಿಯ ನಾಡಿನದು, ಕವಿಗೆ ಆ ನಾಡು ಹೊರಗಿನದಾಗಿರಲಿಲ್ಲ. ಅವರ ಗುರು ವ್ಯಾಸರಾಯರು, ವ್ಯಾಸರಾಯರ ವಿದ್ಯಾಗುರು ಮುಳಬಾಗಿಲಿನ ಶ್ರೀಪಾದರಾಜರು. ಅವರ ವೃಂದಾವನ ಇಂದಿಗೂ ಮುಳಬಾಗಿಲಿನ ನರಸಿಂಹತೀರ್ಥದಲ್ಲಿದೆ. ಅದೇ ಪರಂಪರೆಯ ಪುರಂದರದಾಸರೂ ಕೀರ್ತನೆಯೊಂದನ್ನು ರಾಗಿಯ ಸುತ್ತಲೇ ಕಟ್ಟಿದ್ದಾರೆ. ಭಿಕ್ಷೆಗೆ ಹೋಗುವ ದಾಸನ ಜೋಳಿಗೆಗೆ ಬೀಳುತ್ತಿದ್ದ ಧಾನ್ಯ ಯಾವುದೆಂದು ದಾಸರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಮೂರನೆಯದು, ಆರು ತಿಂಗಳೆಂಬುದು ಬರೀ ಕಾವ್ಯದ ರೂಢಿ ಎಂಬ ಮಾತು. ಇರಬಹುದು. ಆದರೂ ಮಾಲೂರಿನ ಒಕ್ಕಲಿನ ವರ್ಷವನ್ನು ಎದುರಿಗಿಟ್ಟುಕೊಂಡು ನೋಡೋಣ. ಆಷಾಢದ ಸುಮಾರಿಗೆ ಬಿತ್ತಿದ ರಾಗಿ ಕಾರ್ತಿಕ, ಮಾರ್ಗಶಿರದಲ್ಲಿ ಕೊಯ್ಲಿಗೆ ಬರುತ್ತದೆ. ಕಣ ಮುಗಿದು ಹಗೇವು ಮುಚ್ಚಿದ ಮೇಲೆ ಮುಂದಿನ ಬಿತ್ತನೆಯ ಮಳೆಗೆ ಹೆಚ್ಚು ಕಡಿಮೆ ಆರು ತಿಂಗಳು. ಮನೆಯ ಹೊಟ್ಟೆಗೂ ಬಿತ್ತನೆಯ ಬೀಜಕ್ಕೂ ಧಾನ್ಯ ತಡೆದು ನಿಲ್ಲಬೇಕಾದ ಕನಿಷ್ಠ ಅವಧಿ ಅದೇ. ಕವಿ ಇದನ್ನು ಎಣಿಸಿಯೇ ಬರೆದನೆಂದು ನಾನು ಹಟ ಹಿಡಿಯುವುದಿಲ್ಲ, ಕೇಳಿದ ಒಕ್ಕಲಿಗನಿಗೆ ಲೆಕ್ಕ ತಾನಾಗಿಯೇ ಹೊಳೆದಿರುತ್ತದೆ.

ರಾಗಿಯ ಪಕ್ಷದವರಿಗೂ ಒಂದು ಮಾತು ಹೇಳಲೇಬೇಕು. ಎಂ. ಎಸ್. ನಾಗರಾಜರಾವ್ 1965ರಲ್ಲಿ ಉತ್ಖನನ ಮಾಡಿದ ಹಳ್ಳೂರಿನ ಕಾಳುಗಳನ್ನು ವಿಷ್ಣು ಮಿತ್ರೆ ರಾಗಿಯೆಂದು ಗುರುತಿಸಿದ ಮೇಲೆ ‘ನಾಲ್ಕು ಸಾವಿರ ವರ್ಷದ ರಾಗಿ’ ಎಂಬ ಮಾತು ಭಾಷಣಗಳಲ್ಲೂ ಪಠ್ಯಗಳಲ್ಲೂ ನೆಲೆ ನಿಂತಿದೆ. ಡೋರಿಯನ್ ಫುಲ್ಲರ್ ಮೊದಲಾದವರು ಈ ಬಗೆಯ ಗುರುತುಗಳನ್ನು ಮರುಪರಿಶೀಲಿಸಿ ಅನುಮಾನ ಎತ್ತಿದ್ದಾರೆ. ದಕ್ಷಿಣದ ನವಶಿಲಾಯುಗದ ಜನರ ಮುಖ್ಯ ಕಾಳುಗಳು ಕೊರಲೆ, ಹುರುಳಿ, ಹೆಸರು ಎಂದು ತೋರಿಸಿದ್ದಾರೆ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಅಂದರೆ ಮುದ್ದೆಗಿಂತ ಅದರ ಪಕ್ಕದ ಹುರುಳಿಸಾರೇ ಈ ನೆಲದಲ್ಲಿ ಹಳೆಯದು. ಈ ಪರಿಶೀಲನೆ ಬಂದು ಇಷ್ಟು ಕಾಲವಾದರೂ ಹಳೆಯ ಮಾತನ್ನೇ ಹೇಳುತ್ತಿರುವುದು ರಾಗಿಗೆ ಮಾಡುವ ಉಪಕಾರವಲ್ಲ.

ಕನಕದಾಸರಿಂದ ಮುಂದಿನ ಶತಮಾನಗಳಲ್ಲಿ ರಾಗಿಯ ಲೆಕ್ಕ ಸ್ಪಷ್ಟವಾಗಿ ಸಿಗುತ್ತದೆ. 1800ರಲ್ಲಿ ಕೋಲಾರದ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ರಾಗಿಯನ್ನೂ ಅದರ ನಡುವೆ ಅಕ್ಕಡಿಯಾಗಿ ಬಿತ್ತುವ ಅವರೆ, ತೊಗರಿಗಳನ್ನೂ ಗಮನವಿಟ್ಟು ದಾಖಲಿಸಿದ. ಹೊಲದ ಈ ಸಾಲೇ ಗಂಗಳಕ್ಕೂ ಬಂದಿದೆ: ನಡುವೆ ಮುದ್ದೆ, ಸುತ್ತ ಹಿತಕಿದ ಅವರೆಯ ಸಾರೋ ತೊಗರಿ ಬಸಿದ ಬಸ್ಸಾರೋ. ಹಗೇವಿಗೂ ಒಂದು ಮಿತಿಯಿತ್ತು. ಒಂದು ವರ್ಷದ ಮಳೆ ಹೋದರೆ ಅದು ತಡೆಯುತ್ತದೆ, ಮೇಲಿಂದ ಮೇಲೆ ಹೋದರೆ ತುಂಬುವುದೆಲ್ಲಿಂದ? 1876–78ರ ಬರದಲ್ಲಿ ಆದದ್ದು ಇದೇ. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನ 1881ರಲ್ಲಿ 42 ಲಕ್ಷಕ್ಕಿಂತ ಕಡಿಮೆಯಾದರು. ಕೋಲಾರ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಒಂದು.

ದೇವರ ಧಾನ್ಯ ಒಂದು, ಮನೆಯ ಧಾನ್ಯ ಒಂದು ಎಂಬ ಈ ಪಾಲು ನಮ್ಮೊಬ್ಬರದೇ ಅಲ್ಲ. ಇಂಡೋನೇಷ್ಯದ ಜಾವಾದಲ್ಲಿ ಸ್ಲಾಮತಾನ್ ಎಂಬ ಶುಭಕಾರ್ಯಕ್ಕೆ ಗೋಪುರದಂತೆ ಒತ್ತಿದ ಅನ್ನದ ತುಂಪೆಂಗ್ ಬೇಕೇ ಬೇಕು, ಅಲ್ಲಿ ಅಕ್ಕಿಯೆಂದರೆ ದೇವಿ ಶ್ರೀ. ಆದರೆ ಅದೇ ಜಾವಾದ ಗುನುಂಗ್ ಕಿದುಲ್‌ನ ಒಣ ಸುಣ್ಣಕಲ್ಲಿನ ಬೆಟ್ಟಗಳಲ್ಲಿ ಜನ ಬಹುಕಾಲ ದಿನನಿತ್ಯ ಉಂಡದ್ದು ಒಣಗಿಸಿದ ಮರಗೆಣಸಿನ ಹಿಟ್ಟನ್ನು ಹಬೆಯಲ್ಲಿ ಬೇಯಿಸಿದ ತಿವುಲ್. ಆಚರಣೆಯ ಅನ್ನವನ್ನಷ್ಟೇ ನೋಡಿ ಆ ಬೆಟ್ಟದವರ ಊಟವನ್ನು ಬರೆದರೆ ಎಷ್ಟು ತಪ್ಪೋ, ಕೋಲಾರಮ್ಮನ ನೆಲ್ಲಿನಿಂದ ಮಾಲೂರಿನ ಊಟವನ್ನು ಬರೆದರೂ ಅಷ್ಟೇ ತಪ್ಪು.

ಇನ್ನು ಮುದ್ದೆಯ ಗಡಿಗೆಯ ಮಾತು. ಅಕ್ಕಿಪಕ್ಷ, ರಾಗಿಪಕ್ಷ ಎರಡೂ ಅದರೊಳಗೆ ಇಣುಕಿಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ತೆಲುಗು ಮನೆಮಾತಿನವರು ಸಂಗಟಿ ಮಾಡುವಾಗ ಎಸರು ಕುದಿಯುತ್ತಿದ್ದಂತೆ ಮೊದಲು ಅಕ್ಕಿನುಚ್ಚು ಹಾಕುತ್ತಾರೆ. ನುಚ್ಚು ಬೆಂದು ಮೆತ್ತಗಾದ ಮೇಲೆ ಮೇಲಿಂದ ರಾಗಿಹಿಟ್ಟು ಸುರಿದು, ಅಲುಗಿಸದೆ ಬೇಯಲು ಬಿಟ್ಟು, ಆಮೇಲೆ ಗಡಿಗೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೋಲಿನಿಂದ ಗಂಟಿಲ್ಲದಂತೆ ತಿರುವುತ್ತಾರೆ. ಕನ್ನಡ ಮನೆಗಳಲ್ಲೂ ಹೀಗೆ ಮಾಡುವವರಿದ್ದಾರೆ. ಭತ್ತ ಕುಟ್ಟಿ ಕೇರಿದಾಗ ಇಡೀ ಅಕ್ಕಿ ಹಬ್ಬಕ್ಕೋ ಗುಡಿಗೋ ಸಂತೆಗೋ ಹೋಯಿತು, ಒಡೆದ ನುಚ್ಚು ಮನೆಯಲ್ಲಿ ಉಳಿದು ರಾಗಿಯ ಜೊತೆ ಬೆಂದಿತು. ಕಾವ್ಯದ ಕೊನೆಯಲ್ಲಿ ರಾಮ ಇಬ್ಬರನ್ನೂ ಸಮಾಧಾನಪಡಿಸಿ ಕಳಿಸುತ್ತಾನೆ. ಆ ಭಾಗವನ್ನು ಕವಿಯ ಸಂಕೋಚವೆಂದೂ ಪ್ರತಿಭಟನೆಯಿಂದ ಹಿಂದೆ ಸರಿದದ್ದೆಂದೂ ಬರೆದವರು ಈ ಗಡಿಗೆಯನ್ನು ನೋಡಿ ತಮ್ಮ ಮಾತನ್ನು ತಿದ್ದಿಕೊಳ್ಳಬೇಕು.